ನಗರದ ರಚನೆಗೆ ನಿಯಮವುಂಟೆ? – ಮೂರು ಮಾದರಿಗಳ ಒಂದು ವಿಮರ್ಶೆ

ನಗರ ಭೂಗೋಳವನ್ನು ಪರಿಚಯಿಸುವ ಹೆಚ್ಚಿನ ಪಠ್ಯಗಳಲ್ಲಿ ಮೂರು ಚಿತ್ರಗಳು ಕಾಣಸಿಗುತ್ತವೆ. ಮೊದಲನೆಯದರಲ್ಲಿ ಒಂದರ ಹೊರಗೊಂದರಂತೆ ಐದು ಏಕಕೇಂದ್ರೀಯ ವೃತ್ತಗಳಿರುತ್ತವೆ. ಎರಡನೆಯದರಲ್ಲಿ ಕೇಂದ್ರದಿಂದ ಅಂಚಿನವರೆಗೆ ಚಾಚಿದ ತ್ರಿಜ್ಯಾಂತರ ಖಂಡಗಳಿರುತ್ತವೆ. ಮೂರನೆಯದರಲ್ಲಿ ಅಲ್ಲಲ್ಲಿ ಚದುರಿದ ಹಲವು ಕೇಂದ್ರಗಳಿರುತ್ತವೆ. ಇವುಗಳ ಕೆಳಗೆ ಕ್ರಮವಾಗಿ ಬರ್ಜೆಸ್, 1925, ಹಾಯ್ಟ್, 1939, ಹ್ಯಾರಿಸ್ ಮತ್ತು ಉಲ್‌ಮನ್, 1945 ಎಂದು ಬರೆದಿರುತ್ತದೆ. ವಿದ್ಯಾರ್ಥಿಗಳು ಮೂರೂ ಚಿತ್ರಗಳನ್ನು ಬರೆದು, ಭಾಗಗಳನ್ನು ಹೆಸರಿಸಿ, ಗುಣದೋಷಗಳ ಪಟ್ಟಿ ಕೊಟ್ಟು ಅಂಕ ಪಡೆಯುತ್ತಾರೆ.

ಈ ಚಿತ್ರಗಳನ್ನು 'ಸಿದ್ಧಾಂತ'ಗಳೆಂದು ಕರೆಯುವುದು ರೂಢಿ. ಆದರೆ ಸಿದ್ಧಾಂತವೆಂದರೇನು? ಅದು ಯಾವ ಪೂರ್ವಭಾವನೆಗಳಿಂದ ಹೊರಡುತ್ತದೆ, ಯಾವ ಪರಿಮಾಣವನ್ನು ಅಳೆಯುತ್ತದೆ, ಯಾವ ವೀಕ್ಷಣೆಯ ಎದುರು ಸೋಲಬಲ್ಲುದು? ಭೌತವಿಜ್ಞಾನದ ತರಗತಿಯಲ್ಲಿ ನಾವು ಸರಳ ಲೋಲಕಕ್ಕೂ ಆದರ್ಶ ಅನಿಲಕ್ಕೂ ಈ ಪ್ರಶ್ನೆಗಳನ್ನು ತಪ್ಪದೆ ಕೇಳುತ್ತೇವೆ. ಅವನ್ನೇ ನಗರದ ಮಾದರಿಗಳಿಗೂ ಕೇಳೋಣ. ಇದು ಕೇವಲ ತರ್ಕದ ಕಸರತ್ತಲ್ಲ. ಈ ಮಾದರಿಗಳ ಹಿಂದಿನ ಆಲೋಚನೆ ಒಂದು ದೇಶದಲ್ಲಿ ಯಾರಿಗೆ ಮನೆಯ ಸಾಲ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ನಿರ್ಧರಿಸುವ ಮಟ್ಟಿಗೂ ಹೋಗಿತ್ತೆಂಬುದನ್ನು ಮುಂದೆ ನೋಡಲಿದ್ದೇವೆ.

ಐದು ವೃತ್ತಗಳು ಎಲ್ಲಿಂದ ಬಂದವು?

ಅರ್ನೆಸ್ಟ್ ಬರ್ಜೆಸ್ ಷಿಕಾಗೊ ವಿಶ್ವವಿದ್ಯಾಲಯದ ಸಮಾಜವಿಜ್ಞಾನಿ. ಆತನ ಕಣ್ಣೆದುರಿಗಿದ್ದ ಷಿಕಾಗೊ ಅಸಾಮಾನ್ಯ ನಗರ. 1840ರಲ್ಲಿ ಅಲ್ಲಿದ್ದವರು ಸುಮಾರು 4,500 ಮಂದಿ. 1890ರ ವೇಳೆಗೆ ಜನಸಂಖ್ಯೆ 10 ಲಕ್ಷ ದಾಟಿತು, 1930ರಲ್ಲಿ 33 ಲಕ್ಷ ಮೀರಿತು. ರೈಲಿನಲ್ಲಿ ಬಂದಿಳಿದ ವಲಸೆಗಾರರು ಮೊದಲು ನಗರದ ನಡುವಿನ ಹಳೆಯ, ಶಿಥಿಲ ಮನೆಗಳಲ್ಲಿ ಒತ್ತೊತ್ತಾಗಿ ನೆಲೆಸುತ್ತಿದ್ದರು. ಕೈಯಲ್ಲಿ ನಾಲ್ಕು ಕಾಸು ಸೇರಿದ ಮೇಲೆ ಹೊರಕ್ಕೆ ಸರಿಯುತ್ತಿದ್ದರು. ಅವರ ಜಾಗಕ್ಕೆ ಹೊಸ ವಲಸೆಗಾರರು ಬರುತ್ತಿದ್ದರು. ಈ ಚಲನೆಯನ್ನೇ ಬರ್ಜೆಸ್ ಚಿತ್ರಿಸಿದ: ನಡುವೆ ವ್ಯಾಪಾರ ಕೇಂದ್ರ, ಅದರ ಸುತ್ತ ಪರಿವರ್ತನೆಯ ವಲಯ, ಆಮೇಲೆ ಕಾರ್ಮಿಕರ ಮನೆಗಳು, ಅನುಕೂಲಸ್ಥರ ವಸತಿ, ಕೊನೆಗೆ ದಿನವೂ ನಗರಕ್ಕೆ ಬಂದುಹೋಗುವವರ ವಲಯ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಷಿಕಾಗೊದ ಪೂರ್ವಕ್ಕೆ ಮಿಷಿಗನ್ ಸರೋವರವಿದೆ. ಆದ್ದರಿಂದ ವೃತ್ತಗಳು ಅಲ್ಲಿಯೇ ಅರೆವೃತ್ತಗಳು! ಸರೋವರ, ನದಿ, ರೈಲು ಹಳಿ, ಚರಿತ್ರೆ ಇವುಗಳಿಂದಾಗಿ ಷಿಕಾಗೊ ಸೇರಿದಂತೆ ಯಾವ ನಗರವೂ ಈ ಚಿತ್ರಕ್ಕೆ ಪೂರ್ತಿ ಹೊಂದುವುದಿಲ್ಲವೆಂದು ಬರ್ಜೆಸ್ ತಾನೇ ಬರೆದಿದ್ದಾನೆ. ಎರಡನೆಯದು, ಆತ ಹೇಳಹೊರಟಿದ್ದು ನಗರದ ಬೆಳವಣಿಗೆಯನ್ನು, ಅಂದರೆ ಒಂದು ಪ್ರಕ್ರಿಯೆಯನ್ನು. ನಮ್ಮ ಪಠ್ಯಗಳಲ್ಲಿ ಆ ಎಚ್ಚರಿಕೆ ಉದುರಿಹೋಗಿದೆ, ಪ್ರಕ್ರಿಯೆ ನಿಶ್ಚಲ ಚಿತ್ರವಾಗಿದೆ. ಕೊಳಕ್ಕೆ ಕಲ್ಲೆಸೆದಾಗ ಏಳುವ ಅಲೆಗಳ ಛಾಯಾಚಿತ್ರ ತೋರಿಸಿ, ಅಲೆ ಎಂದರೆ ಇದೇ ಎಂದು ಹೇಳಿದಂತೆ.

ಚಿತ್ರ ಮುಚ್ಚಿಡುವ ಲೆಕ್ಕ

ಈ ಚಿತ್ರ ಇನ್ನೊಂದು ರೀತಿಯಲ್ಲೂ ಕಣ್ಣಿಗೆ ಮೋಸ ಮಾಡುತ್ತದೆ. ಉಂಗುರಗಳ ಅಗಲ ಸಮವೆಂದು ಇಟ್ಟುಕೊಳ್ಳಿ. ಆಗ ತ್ರಿಜ್ಯಗಳು 1, 2, 3, 4, 5ರ ಅನುಪಾತದಲ್ಲಿರುತ್ತವೆ. ವಿಸ್ತೀರ್ಣ ತ್ರಿಜ್ಯದ ವರ್ಗಕ್ಕೆ ಅನುಪಾತೀಯ. ಆದ್ದರಿಂದ ಒಂದೊಂದು ವಲಯದ ವಿಸ್ತೀರ್ಣ 1, 3, 5, 7, 9 ಆಗುತ್ತದೆ. ಹೊರಗಿನ ವಲಯ ನಡುವಿನದಕ್ಕಿಂತ ಒಂಬತ್ತು ಪಟ್ಟು ದೊಡ್ಡದು.

ಈಗ ಜನಸಾಂದ್ರತೆಯನ್ನು ಸೇರಿಸೋಣ. ನಗರದ ಕೇಂದ್ರದಿಂದ ದೂರ ಹೋದಂತೆ ವಸತಿ ಸಾಂದ್ರತೆ ಘಾತೀಯವಾಗಿ ಇಳಿಯುತ್ತದೆಂದು ಕಾಲಿನ್ ಕ್ಲಾರ್ಕ್ 1951ರಲ್ಲಿ ಹಲವು ನಗರಗಳ ಅಂಕಿಗಳಿಂದ ತೋರಿಸಿದ. ವಿಕಿರಣಪಟುತ್ವದ ಕ್ಷಯ ನಿಮಗೆ ಗೊತ್ತಿದ್ದರೆ ಇದೂ ಗೊತ್ತಿದ್ದಂತೆಯೇ. ಅಲ್ಲಿ ಕಾಲಕ್ಕೆ ಅರ್ಧಾಯು, ಇಲ್ಲಿ ದೂರಕ್ಕೆ. ಪ್ರತಿ ಉಂಗುರದಲ್ಲಿ ಸಾಂದ್ರತೆ ಅರ್ಧಕ್ಕಿಳಿಯುತ್ತದೆಂದು ಭಾವಿಸಿ, 64, 32, 16, 8, 4 ಎಂದು ತೆಗೆದುಕೊಳ್ಳಿ. ವಿಸ್ತೀರ್ಣದಿಂದ ಗುಣಿಸಿದರೆ ಐದು ವಲಯಗಳ ಜನಸಂಖ್ಯೆ 64, 96, 80, 56, 36 ಬರುತ್ತದೆ. ಒಟ್ಟು 332. ಅತಿ ದಟ್ಟವಾದ ಕೇಂದ್ರದಲ್ಲಿರುವವರು ಐದನೆಯ ಒಂದು ಪಾಲಿಗಿಂತ ಕಡಿಮೆ. ಹೆಚ್ಚು ಜನರಿರುವುದು ಎರಡನೆಯ ಮತ್ತು ಮೂರನೆಯ ಉಂಗುರಗಳಲ್ಲಿ. ಅತಿ ದಟ್ಟವಾದ ಸ್ಥಳ ಬೇರೆ, ಅತಿ ಹೆಚ್ಚು ಜನ ವಾಸಿಸುವ ಸ್ಥಳ ಬೇರೆ. ಬಸ್ಸು, ನೀರು, ಶಾಲೆ ಎಲ್ಲಿ ಬೇಕು ಎಂದು ಯೋಚಿಸುವವರು ಮೊದಲು ತಿಳಿಯಬೇಕಾದ ಈ ಸರಳ ಗಣಿತ ಐದು ವೃತ್ತಗಳನ್ನು ನೂರು ಸಲ ಬರೆದರೂ ಹೊಳೆಯುವುದಿಲ್ಲ. ಕಾರಣ, ಆ ಚಿತ್ರದಲ್ಲಿ ಅಳೆಯಬಹುದಾದ ಪರಿಮಾಣವೇ ಇಲ್ಲ.

ವೃತ್ತ, ಖಂಡ, ಕೇಂದ್ರಗಳು – ಪ್ರತಿಸ್ಪರ್ಧಿಗಳೆ?

ಹಾಯ್ಟ್ ಬರ್ಜೆಸ್‌ನನ್ನು ತಿದ್ದಿದ, ಹ್ಯಾರಿಸ್ ಮತ್ತು ಉಲ್‌ಮನ್ ಹಾಯ್ಟ್‌ನನ್ನು ತಿದ್ದಿದರು ಎಂಬಂತೆ ಪಾಠ ಸಾಗುತ್ತದೆ. ಇದು ಅಷ್ಟು ಸರಿಯಲ್ಲ. ಮೂರರ ಹಿಂದೆಯೂ ಬಹುಪಾಲು ಒಂದೇ ತತ್ತ್ವ ಕೆಲಸ ಮಾಡುವುದನ್ನು ತೋರಿಸಬಹುದು.

1826ರಲ್ಲಿ ಜರ್ಮನಿಯ ಫಾನ್ ತ್ಯೂನನ್ ಒಂದು ಪ್ರಶ್ನೆ ಹಾಕಿಕೊಂಡ. ಎಲ್ಲ ದಿಕ್ಕಿನಲ್ಲೂ ಒಂದೇ ಬಗೆಯಾದ ಬಯಲು, ಅದರ ನಡುವೆ ಒಂದೇ ಒಂದು ಪಟ್ಟಣ ಇದ್ದರೆ ಯಾವ ಬೆಳೆ ಎಲ್ಲಿ ಬೆಳೆದೀತು? ಸಾಗಾಟದ ವೆಚ್ಚ ದೂರದೊಡನೆ ಏರುವುದರಿಂದ ಬೆಳೆಗಳು ವೃತ್ತಗಳಾಗಿ ಹಂಚಿಹೋಗುತ್ತವೆ ಎಂಬುದು ಅವನ ಉತ್ತರ. 1964ರಲ್ಲಿ ವಿಲಿಯಂ ಅಲಾನ್ಸೊ ಇದೇ ತರ್ಕವನ್ನು ನಗರದೊಳಗಿನ ಭೂಮಿಗೆ ಅನ್ವಯಿಸಿದ. ಕೇಂದ್ರದಿಂದ ದೂರ ಸರಿದರೆ ಅಂಗಡಿಗೆ ಆಗುವ ನಷ್ಟ ಹೆಚ್ಚು, ಮನೆಗೆ ಆಗುವ ನಷ್ಟ ಕಡಿಮೆ. ಹಾಗಾಗಿ ನಡುವಿನ ಜಾಗಕ್ಕೆ ಅಂಗಡಿಯವನು ಹೆಚ್ಚು ಬೆಲೆ ಕೊಡಲು ಸಿದ್ಧನಿರುತ್ತಾನೆ. ಬಡವರು ದುಬಾರಿ ನೆಲದಲ್ಲಿ, ಸಿರಿವಂತರು ಅಗ್ಗದ ನೆಲದಲ್ಲಿ ವಾಸಿಸುವ ವಿರೋಧಾಭಾಸವನ್ನೂ ಇದರಿಂದ ಅರ್ಥ ಮಾಡಿಕೊಳ್ಳಬಹುದು. ಒಂದೇ ಕೋಣೆಯಲ್ಲಿ ಎಂಟು ಜನರಿದ್ದರೆ ತಲೆಗೆ ಬೀಳುವ ಬಾಡಿಗೆ ಸಣ್ಣದು.

ಇಲ್ಲಿ 'ದೂರ' ಎಂದರೆ ನಿಜವಾಗಿ ಪ್ರಯಾಣದ ಕಾಲ ಮತ್ತು ವೆಚ್ಚ. ಗಂಟೆಗೆ 5 ಕಿಮೀ ನಡೆಯುವವನು ಒಂದು ಗಂಟೆಯಲ್ಲಿ ತಲಪುವ ಎಲ್ಲ ಬಿಂದುಗಳನ್ನು ಗುರುತಿಸಿದರೆ 5 ಕಿಮೀ ತ್ರಿಜ್ಯದ ವೃತ್ತ ಸಿಗುತ್ತದೆ. ಈಗ ಕೇಂದ್ರದಲ್ಲಿ ಲಂಬವಾಗಿ ಅಡ್ಡಹಾಯುವ ಎರಡು ಟ್ರ್ಯಾಮ್ ಮಾರ್ಗಗಳನ್ನು ಹಾಕಿ. ಟ್ರ್ಯಾಮಿನ ವೇಗ ಗಂಟೆಗೆ 15 ಕಿಮೀ ಇರಲಿ, ಎಲ್ಲಿ ಬೇಕಾದರೂ ಇಳಿಯಬಹುದೆಂದಿರಲಿ. ಮಾರ್ಗದ ಗುಂಟ 15 ಕಿಮೀ ತಲಪಬಹುದು, ಎರಡು ಮಾರ್ಗಗಳ ನಟ್ಟನಡುವಿನ ದಿಕ್ಕಿನಲ್ಲಿ ಸುಮಾರು 5.5 ಕಿಮೀ ಮಾತ್ರ. ವೃತ್ತ ಈಗ ನಾಲ್ಕು ಮೊನೆಯ ನಕ್ಷತ್ರವಾಯಿತು! ವೃತ್ತದ ಸಮಮಿತಿಯನ್ನು ಮಾರ್ಗ ಮುರಿದಿದೆ. ಉತ್ತಮ ವಸತಿಗಳು ವೇಗದ ಮಾರ್ಗಗಳ ಗುಂಟ ಹೊರಕ್ಕೆ ಚಾಚುತ್ತವೆಂಬುದು ಹಾಯ್ಟ್ ಹೇಳಿದ ಕಾರಣಗಳಲ್ಲಿ ಒಂದು. ಇನ್ನು ನಗರದ ಹೊರಗೆ ಸುತ್ತುರಸ್ತೆ ಬಂದು ಲಾರಿಗಳು ಓಡತೊಡಗಿದರೆ ಹಳೆಯ ಪೇಟೆಗಿಂತ ರಸ್ತೆಗಳು ಕೂಡುವ ಹೊರಗಿನ ಬಿಂದುವೇ ಹೆಚ್ಚು ಜನಕ್ಕೆ 'ಹತ್ತಿರ'ವಾಗುತ್ತದೆ. ಅಲ್ಲಿ ಹೊಸ ಕೇಂದ್ರ ಹುಟ್ಟುತ್ತದೆ. ಹ್ಯಾರಿಸ್ ಮತ್ತು ಉಲ್‌ಮನ್ ಇದಕ್ಕೆ ಇನ್ನಷ್ಟು ಕಾರಣಗಳನ್ನು ಸೇರಿಸಿದರು: ಕೆಲವು ಕೆಲಸಗಳಿಗೆ ಬಂದರಿನಂಥ ವಿಶೇಷ ಸೌಲಭ್ಯ ಬೇಕು, ಕೆಲವು ಒಟ್ಟಿಗಿದ್ದರೆ ಲಾಭ, ಕೆಲವು ಪಕ್ಕಪಕ್ಕ ಇರಲಾರವು, ಕೆಲವಕ್ಕೆ ಒಳ್ಳೆಯ ಜಾಗದ ಬಾಡಿಗೆ ಕೈಗೆಟುಕದು.

ಅಂದರೆ ಒಂದೇ ಸಮೀಕರಣವನ್ನು ಬೇರೆ ಬೇರೆ ಸೀಮಾ ನಿಬಂಧನೆಗಳಲ್ಲಿ ಬಿಡಿಸಿದಾಗ ಬೇರೆ ಬೇರೆ ಪರಿಹಾರಗಳು ಬರುವಂತೆ, ಈ ಮೂರು ಚಿತ್ರಗಳು. ಇವುಗಳಲ್ಲಿ ಯಾವುದು ಸರಿ ಎಂದು ಕೇಳುವುದಕ್ಕಿಂತ, ನಡಿಗೆಯ ನಗರವೋ, ಹಳಿಯ ನಗರವೋ, ರಸ್ತೆಯ ನಗರವೋ ಎಂದು ಕೇಳುವುದು ಹೆಚ್ಚು ಫಲಕಾರಿ.

ಬೆಂಗಳೂರಿನಲ್ಲಿಟ್ಟು ನೋಡಿದರೆ

ಮಾದರಿಯನ್ನು ಅದು ಹುಟ್ಟಿದ ಊರಿನ ಹೊರಗೆ ಪರೀಕ್ಷಿಸಬೇಕು. ಕೈಗಾರಿಕೆಗೆ ಮುಂಚಿನ ನಗರಗಳಲ್ಲಿ ಪ್ರಬಲರು ಕೇಂದ್ರದಲ್ಲಿ, ಬಡವರು ಅಂಚಿನಲ್ಲಿ ಇರುತ್ತಿದ್ದರೆಂದು ಗಿಡಿಯನ್ ಷೋಬರ್ಗ್ 1960ರಲ್ಲಿ ವಾದಿಸಿದ. ಇದು ಬರ್ಜೆಸ್ ಚಿತ್ರಕ್ಕೆ ತಲೆಕೆಳಗು. ನಮ್ಮ ಕೋಟೆ, ಅರಮನೆ, ದೇವಾಲಯಗಳ ಸುತ್ತ ಬೆಳೆದ ಊರುಗಳನ್ನು ನೆನೆದರೆ ಆತನ ಮಾತಿನಲ್ಲಿ ಹುರುಳಿದೆ ಎನ್ನಿಸದಿರದು.

ಬೆಂಗಳೂರು ಇನ್ನೂ ತೊಡಕಿನದು. ಕೆಂಪೇಗೌಡರ ಕಾಲದ, 1537ರದೆಂದು ಹೇಳುವ ಪೇಟೆಯಲ್ಲಿ ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಕಸುಬು ಮತ್ತು ಸರಕುಗಳಿಗೆ ತಕ್ಕಂತೆ ಕೇರಿಗಳಿದ್ದವು. ಒಂದೇ ಬಗೆಯ ಕೆಲಸಗಳು ಒಟ್ಟಿಗೆ ಸೇರುತ್ತವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? 1809ರಲ್ಲಿ ಬ್ರಿಟಿಷರು ಪೂರ್ವಕ್ಕೆ ದಂಡು ಪ್ರದೇಶವನ್ನು ಕಟ್ಟಿದರು. 1949ರಲ್ಲಿ ಒಂದೇ ನಗರಪಾಲಿಕೆಯಾಗುವವರೆಗೆ ಪೇಟೆ ಮತ್ತು ದಂಡು ಬೇರೆ ಬೇರೆ ಆಡಳಿತದ ಎರಡು ಕೇಂದ್ರಗಳು. 1898ರ ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. 1940ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಗಡಿಯಾರಕ್ಕೆ ಮುಂದೆ ಹೆಸರಾದ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಪೂರ್ವ ಮತ್ತು ಉತ್ತರದ ಅಂಚುಗಳಲ್ಲಿ ತಲೆಯೆತ್ತಿದವು. ಆಮೇಲೆ ದಕ್ಷಿಣಕ್ಕೆ ಎಲೆಕ್ಟ್ರಾನಿಕ್ಸ್ ಸಿಟಿ, ಪೂರ್ವಕ್ಕೆ ವೈಟ್‌ಫೀಲ್ಡ್.

ಮೇಲುನೋಟಕ್ಕೆ ಬಹುಕೇಂದ್ರ ಮಾದರಿ ಗೆದ್ದಿತು ಎನ್ನಬಹುದು. ಆದರೆ ಈ ಕೇಂದ್ರಗಳನ್ನು ಹುಟ್ಟಿಸಿದ ಕಾರಣಗಳನ್ನು ನೋಡಿ: ಸೇನೆಯ ಆಯ್ಕೆ, ಒಂದು ರೋಗ, ಯುದ್ಧಕಾಲದ ಅಗತ್ಯ, ಸರ್ಕಾರಗಳು ಒದಗಿಸಿದ ಭೂಮಿ. ಬಾಡಿಗೆಯ ಪೈಪೋಟಿ ಇವುಗಳ ಹಿಂದೆ ಬಂತೇ ಹೊರತು ಮುಂದೆ ಅಲ್ಲ. ಮೂರೂ ಮಾದರಿಗಳಲ್ಲಿ ಎದ್ದು ಕಾಣುವ ಕೊರತೆ ಇದೇ. ಅವುಗಳಲ್ಲಿ ಸರ್ಕಾರವೆಂಬ ಬಲಕ್ಕೆ ತಕ್ಕ ಸ್ಥಾನವಿಲ್ಲ.

ಭೌತವಿಜ್ಞಾನಿಗಳಿಗೂ ಒಂದು ಪ್ರಶ್ನೆ

ಚಿತ್ರಗಳನ್ನು ಬಿಟ್ಟು ಸಂಖ್ಯೆಗಳಿಗೆ ಬಂದರೆ ಎಲ್ಲ ಸರಿಹೋಗುತ್ತದೆಯೆ? 2007ರಲ್ಲಿ ಭೌತವಿಜ್ಞಾನದ ಹಿನ್ನೆಲೆಯ ಲೂಯಿಸ್ ಬೆಟನ್‌ಕೋರ್ಟ್, ಜೆಫ್ರಿ ವೆಸ್ಟ್ ಮತ್ತು ಸಂಗಡಿಗರು ನಗರಗಳಿಗೆ ಘಾತ ನಿಯಮಗಳನ್ನು ಮುಂದಿಟ್ಟರು. ರಸ್ತೆ, ತಂತಿಗಳಂಥ ಮೂಲಸೌಕರ್ಯ ಜನಸಂಖ್ಯೆಯ ಸುಮಾರು 0.85ನೇ ಘಾತದಂತೆಯೂ ವೇತನ, ಪೇಟೆಂಟ್‌ಗಳಂಥವು ಸುಮಾರು 1.15ನೇ ಘಾತದಂತೆಯೂ ಬೆಳೆಯುತ್ತವೆ ಎಂಬುದು ಅದರ ಸಾರ. ಜನಸಂಖ್ಯೆ ಇಮ್ಮಡಿಯಾದರೆ ಮೊದಲನೆಯದು 1.8 ಪಟ್ಟು, ಎರಡನೆಯದು 2.2 ಪಟ್ಟು. ಇದು ಅಚ್ಚುಕಟ್ಟಾದ ಫಲಿತಾಂಶ. ಆದರೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅಂಕಿಗಳನ್ನು ಎಲ್ಸಾ ಅರ್ಕೌಟೆ ಮತ್ತು ಸಂಗಡಿಗರು 2015ರಲ್ಲಿ ಪರಿಶೀಲಿಸಿದಾಗ ಹೆಚ್ಚಿನ ಪರಿಮಾಣಗಳು ಜನಸಂಖ್ಯೆಗೆ ಹೆಚ್ಚುಕಡಿಮೆ ನೇರ ಅನುಪಾತದಲ್ಲಿದ್ದವು. ನಗರದ ಗಡಿಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ಘಾತಾಂಕ ಬದಲಾಗುತ್ತಿತ್ತು.

ಗಡಿಯ ಪ್ರಶ್ನೆ ಎಷ್ಟು ಗಂಭೀರವೆಂಬುದಕ್ಕೆ ದೂರ ಹೋಗಬೇಕಿಲ್ಲ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರಪಾಲಿಕೆಯ ಜನಸಂಖ್ಯೆ ಸುಮಾರು 43 ಲಕ್ಷ. 2011ರಲ್ಲಿ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯದು ಸುಮಾರು 84 ಲಕ್ಷ. ಹತ್ತು ವರ್ಷಗಳಲ್ಲಿ ಶೇ. 96ರಷ್ಟು ಏರಿಕೆ! ಆದರೆ ನಡುವೆ, 2007ರಲ್ಲಿ, ಏಳು ನಗರಸಭೆಗಳು, ಒಂದು ಪುರಸಭೆ, 110 ಹಳ್ಳಿಗಳು ಪಾಲಿಕೆಗೆ ಸೇರಿದ್ದವು. ಕಟ್ಟಡಗಳು ಒಂದಕ್ಕೊಂದು ಕೂಡಿಕೊಂಡ ಇಡೀ ನಗರ ಸಮುಚ್ಚಯವನ್ನು ತೆಗೆದುಕೊಂಡರೆ ಅದೇ ಅವಧಿಯಲ್ಲಿ 57 ಲಕ್ಷ 85 ಲಕ್ಷವಾಯಿತು, ಏರಿಕೆ ಸುಮಾರು ಶೇ. 50. ಒಂದೇ ನಗರ, ಒಂದೇ ದಶಕ, ಎರಡು ಉತ್ತರ. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದು ಪಾಲಿಕೆಗಳಾದವು. ಪಾತ್ರೆಯ ಗಾತ್ರ ಬದಲಾಗಿದ್ದನ್ನು ಮರೆತು ಅನಿಲದ ಒತ್ತಡವನ್ನು ಚರ್ಚಿಸುವ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ನಗರದ ಅಂಕಿಗಳಿಗೂ ಅದೇ ಕಟ್ಟುನಿಟ್ಟು ಇರಬೇಕು.

ಮಾದರಿಯೇ ನಗರವನ್ನು ಬದಲಿಸಿದಾಗ

ಇಷ್ಟರವರೆಗೆ ಹೇಳಿದ ದೋಷಗಳನ್ನು ತಿದ್ದಿಕೊಳ್ಳಬಹುದು. ಮುಂದಿನದು ಅಷ್ಟು ಸುಲಭವಲ್ಲ. ಕೆಪ್ಲರನ ನಿಯಮಗಳನ್ನು ಓದಿ ಮಂಗಳ ಗ್ರಹ ತನ್ನ ಕಕ್ಷೆಯನ್ನು ಬದಲಿಸಿಕೊಳ್ಳುವುದಿಲ್ಲ. ನಗರ ಹಾಗಲ್ಲ. ನಗರದ ಬಗ್ಗೆ ಬರೆದುದನ್ನು ಬ್ಯಾಂಕಿನವರು, ಅಧಿಕಾರಿಗಳು, ಮನೆಯ ಮಾಲೀಕರು ಓದುತ್ತಾರೆ.

ಬರ್ಜೆಸ್ ಸಸ್ಯ ಪರಿಸರವಿಜ್ಞಾನದಿಂದ 'ಆಕ್ರಮಣ', 'ಅನುಕ್ರಮಣ' ಎಂಬ ಪದಗಳನ್ನು ಎರವಲು ತಂದ. ಒಂದು ಬಗೆಯ ಗಿಡಗಳ ಜಾಗಕ್ಕೆ ಇನ್ನೊಂದು ಬಗೆ ಬರುವಂತೆ ಒಂದು ಜನವರ್ಗದ ಜಾಗಕ್ಕೆ ಇನ್ನೊಂದು ಬರುತ್ತದೆ ಎಂಬ ಹೋಲಿಕೆ. ಆದರೆ ಗಿಡಗಳಿಗೆ ಕ್ರಯಪತ್ರವಿಲ್ಲ. ಆಗಿನ ಷಿಕಾಗೊದಲ್ಲಿ ಕರಿಯರಿಗೆ ಮನೆ ಮಾರುವುದಿಲ್ಲ, ಬಾಡಿಗೆಗೂ ಕೊಡುವುದಿಲ್ಲ ಎಂಬ ಷರತ್ತುಗಳನ್ನು ಆಸ್ತಿಪತ್ರಗಳಲ್ಲೇ ಬರೆಯುತ್ತಿದ್ದರು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1948ರಲ್ಲಿ. ಕಾನೂನಿನ ಬೇಲಿಯೊಳಗೆ ಕೂಡಿಹಾಕಿದ್ದ ಜನರ ನೆಲೆಯನ್ನು 'ಸಹಜ ವಲಯ' ಎನ್ನುವುದು ಕಟ್ಟೆಯೊಳಗಿನ ನೀರನ್ನು ನೋಡಿ ನೀರಿನ ಸಹಜ ಆಕಾರ ಇದು ಎಂದಂತೆ.

ಹೋಮರ್ ಹಾಯ್ಟ್‌ನ ವಿಷಯ ಇನ್ನೂ ಸ್ಪಷ್ಟ. ಷಿಕಾಗೊದ ಭೂಬೆಲೆಗಳ ಬಗೆಗಿನ 1933ರ ಗ್ರಂಥದಲ್ಲಿ ಆತ ಯಾವ ಜನಾಂಗದವರು ಬಂದು ನೆಲೆಸಿದರೆ ಬೆಲೆಗೆ ಒಳ್ಳೆಯದು, ಯಾರು ಬಂದರೆ ಕೆಟ್ಟದ್ದು ಎಂಬ ಶ್ರೇಣಿಯನ್ನು ಕೊಟ್ಟ. ಇಂಗ್ಲಿಷ್, ಜರ್ಮನ್ ಮೂಲದವರು ಮೇಲೆ, ಕರಿಯರು ಮತ್ತು ಮೆಕ್ಸಿಕನ್ನರು ಕೆಳಗೆ. ತರುವಾಯ ಆತ 1934ರಲ್ಲಿ ಸ್ಥಾಪನೆಯಾದ ಅಮೆರಿಕದ ಕೇಂದ್ರ ವಸತಿ ಆಡಳಿತ ಸಂಸ್ಥೆಯನ್ನು ಸೇರಿದ. ಖಂಡ ಮಾದರಿಯ 1939ರ ವರದಿಯನ್ನು ಪ್ರಕಟಿಸಿದ್ದು ಇದೇ ಸಂಸ್ಥೆ. ಮನೆಸಾಲಗಳಿಗೆ ವಿಮೆ ಕೊಡುವ ಈ ಸಂಸ್ಥೆ ಜನಾಂಗಗಳ ಮಿಶ್ರಣವನ್ನು ಆಸ್ತಿಯ ಬೆಲೆಗೆ ಅಪಾಯವೆಂದೇ ಎಣಿಸಿತು. ಫಲವೇನು? ಕರಿಯರಿರುವ ಬಡಾವಣೆ ಕುಸಿಯುತ್ತದೆಂದು ಭಾವಿಸಿ ಸಾಲಕ್ಕೆ ವಿಮೆ ನಿರಾಕರಣೆ, ಸಾಲವಿಲ್ಲದೆ ಮನೆಗಳ ದುರಸ್ತಿ ಇಲ್ಲ, ಕೊಳ್ಳುವವರಿಲ್ಲ, ಬಡಾವಣೆ ಕುಸಿಯಿತು, ಭವಿಷ್ಯವಾಣಿ ನಿಜವಾಯಿತು! ವಸತಿಯಲ್ಲಿ ಇಂಥ ತಾರತಮ್ಯವನ್ನು ನಿಷೇಧಿಸುವ ಕಾಯಿದೆ ಅಲ್ಲಿ ಬಂದದ್ದು 1968ರಲ್ಲಿ.

ಸಹಸಂಬಂಧವನ್ನು ಕಾರಣವೆಂದು ತಿಳಿಯಬಾರದೆಂದು ನಾವು ಬಾಯಿಪಾಠ ಮಾಡಿಸುತ್ತೇವೆ. ಇಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ತಪ್ಪಾಗಿ ಓದಿದ ಸಹಸಂಬಂಧವನ್ನು ನೀತಿಯಾಗಿಸಿ, ಕಾರಣವನ್ನೇ ಕೈಯಾರೆ ನಿರ್ಮಿಸಲಾಯಿತು. ಹಾಯ್ಟ್‌ನ ಖಂಡಗಳನ್ನು ಬರೆಯುವ ವಿದ್ಯಾರ್ಥಿಗೆ ಇದನ್ನು ಹೇಳದಿದ್ದರೆ ಪಾಠ ಅರ್ಧವಾದಂತೆ. ಅದು ಅಮೆರಿಕದ ಕಥೆ ಎಂದು ನಾವು ನೆಮ್ಮದಿಪಡುವಂತಿಲ್ಲ. ಬಾಡಿಗೆ ಮನೆ ಕೇಳಲು ಹೋದವರ ಜಾತಿ, ಧರ್ಮ, ಊಟದ ಪದ್ಧತಿಯನ್ನು ವಿಚಾರಿಸುವುದು ನಮ್ಮ ಊರುಗಳಲ್ಲೂ ಉಂಟು. ಹೀಗೆ ಆದ ಕೇರಿಗಳನ್ನು ನಕ್ಷೆಯಲ್ಲಿ ಬಣ್ಣ ಹಚ್ಚಿ 'ಸಹಜ ವಲಯ'ವೆಂದು ಹೆಸರಿಸಿದರೆ ನಾವೂ ಅದೇ ಹಾದಿ ಹಿಡಿದಂತಾಗುತ್ತದೆ.

ಹಾಗಾದರೆ ಏನು ಕಲಿಸಬೇಕು?

ಮಾದರಿಗಳನ್ನು ಎಸೆಯಬೇಕೆಂದು ನನ್ನ ವಾದವಲ್ಲ. ಗೊಂದಲದಂತೆ ಕಾಣುವ ನಗರದಲ್ಲೂ ಕ್ರಮವನ್ನು ಹುಡುಕಬಹುದೆಂದು ಬರ್ಜೆಸ್ ತೋರಿಸಿದ. ತಪ್ಪೆಂದು ತೋರಿಸಲು ಸಾಧ್ಯವಿರುವ ಹೇಳಿಕೆಯನ್ನು ಮುಂದಿಟ್ಟದ್ದು ಅವನ ಹೆಚ್ಚುಗಾರಿಕೆ. ಆದರ್ಶ ಅನಿಲವೂ ನಿಸರ್ಗದಲ್ಲಿಲ್ಲ. ಆದರೂ ಅದನ್ನು ಕಲಿಸುತ್ತೇವೆ, ನಿಜವಾದ ಅನಿಲ ಎಲ್ಲಿ, ಎಷ್ಟು, ಏಕೆ ಬೇರೆಯಾಗುತ್ತದೆಂಬುದನ್ನು ಅಳೆಯಲಿಕ್ಕಾಗಿ. ನಗರದ ಮಾದರಿಯ ಉಪಯೋಗವೂ ಅದೇ. ಅದು ಅಳತೆಗೋಲು, ನಗರದ ಭಾವಚಿತ್ರವಲ್ಲ.

ಅಧ್ಯಾಪಕರು ತಮ್ಮ ಊರಿನಲ್ಲೇ ಒಂದು ಪ್ರಯೋಗ ಮಾಡಿಸಬಹುದು. ಊರಿನ ನಕ್ಷೆಯಲ್ಲಿ ಬಸ್ ನಿಲ್ದಾಣವನ್ನು ಕೇಂದ್ರವೆಂದು ಗುರುತಿಸಿ, 10, 20, 30 ನಿಮಿಷಗಳಲ್ಲಿ ತಲಪುವ ಬಿಂದುಗಳನ್ನು ವಿದ್ಯಾರ್ಥಿಗಳು ನಡೆದು, ಬಸ್ಸಿನಲ್ಲಿ ಹೋಗಿ ಗುರುತಿಸಲಿ. ಬಿಂದುಗಳನ್ನು ಸೇರಿಸಿದರೆ ವೃತ್ತ ಬರುತ್ತದೆಯೋ ನಕ್ಷತ್ರವೋ ನೋಡಲಿ. ಪ್ರತಿ ವಲಯದಲ್ಲಿ ನೂರು ಮೀಟರ್ ರಸ್ತೆಗೆ ಎಷ್ಟು ಅಂಗಡಿ, ಎಷ್ಟು ಮನೆ ಎಂದು ಎಣಿಸಲಿ. ಆಮೇಲೆ ಕೇಂದ್ರವನ್ನು ಸಂತೆ ಮೈದಾನಕ್ಕೋ ರೈಲು ನಿಲ್ದಾಣಕ್ಕೋ ಬದಲಿಸಿ ಮತ್ತೆ ನೋಡಲಿ. ಹುಬ್ಬಳ್ಳಿ-ಧಾರವಾಡದ ವಿದ್ಯಾರ್ಥಿಗಳಿಗಂತೂ ಕೇಂದ್ರ ಎಲ್ಲಿ ಎಂಬುದೇ ಮೊದಲ ಪ್ರಶ್ನೆ! ಲೆಕ್ಕ ಮುಗಿದ ಮೇಲೆ ನಾಲ್ಕು ಪ್ರಶ್ನೆಗಳು: ಗಡಿಯನ್ನು ಯಾರು ಎಳೆದರು? ಕೇಂದ್ರವನ್ನು ಯಾರು ಆರಿಸಿದರು? ಏನನ್ನು ಎಣಿಸಿದಿರಿ? ಎಣಿಸಿದ್ದು ಅಲ್ಲಿರುವುದು ಜನರ ಆಯ್ಕೆಯಿಂದಲೋ, ಬೇರೆಡೆ ಅವರಿಗೆ ಬಾಗಿಲು ಮುಚ್ಚಿದ್ದರಿಂದಲೋ?

ಮೊದಲ ಮೂರು ಪ್ರಶ್ನೆಗಳು ಯಾವ ಪ್ರಯೋಗಾಲಯದಲ್ಲೂ ಕೇಳುವಂಥವು. ನಾಲ್ಕನೆಯದು ನಗರಕ್ಕೇ ಮೀಸಲು. ಅದಕ್ಕೆ ಉತ್ತರ ನಕ್ಷೆಯಲ್ಲಿ ಸಿಗುವುದಿಲ್ಲ, ಆ ಬೀದಿಯ ಜನರನ್ನೇ ಮಾತನಾಡಿಸಬೇಕು.